ಬಾಡಿಗೆ ಇಲ್ಲದ ಮನೆಯ ಜಮಾ-ಖರ್ಚು

16 ನವೆಂಬರ್ 2025, ಭಾನುವಾರ
ಮಾರ್ಸ್‌ವರ್ತ್, ಗ್ರ್ಯಾಂಡ್ ಯೂನಿಯನ್ ಕಾಲುವೆ, ಇಂಗ್ಲೆಂಡ್

ನಮ್ಮ ಮನೆ ಎಂದರೆ ಕಾಲುವೆಯ ಮೇಲಿನ ಒಂದು ದೋಣಿ. ಬೆಳಿಗ್ಗೆ ಅದರ ಬಳಿಗೆ ಇಂಧನ ಮಾರುವ ದೋಣಿ ಬಂತು. 4 ಮೂಟೆ ಹೊಗೆಯಿಲ್ಲದ ಕಲ್ಲಿದ್ದಲು, 80 ಲೀಟರ್ ಡೀಸೆಲ್, 13 ಕಿಲೋದ ಒಂದು ಪ್ರೊಪೇನ್ ಸಿಲಿಂಡರ್ ತೆಗೆದುಕೊಂಡೆವು. ಎಲ್ಲ ಸೇರಿ 225 ಪೌಂಡ್ ಹತ್ತಿರ. ಡೀಸೆಲ್ ಹಾಕುವ ಮುನ್ನ ಮಾರುವವನು ಎಂದಿನಂತೆ, ಓಡಿಸಲು ಎಷ್ಟು ಪಾಲು, ಮನೆಗೆ ಎಷ್ಟು ಪಾಲು ಎಂದು ಕೇಳಿದ. ಇಲ್ಲಿ ದೋಣಿಗಳಿಗೆ ಸಿಗುವುದು ಕೆಂಪು ಬಣ್ಣ ಬೆರೆಸಿದ ಡೀಸೆಲ್. ಒಳಗೆ ಬೆಚ್ಚಗಿಡಲು, ಬ್ಯಾಟರಿ ತುಂಬಿಸಲು ಬಳಸಿದ ಪಾಲಿಗೆ ಸುಂಕ ಕಡಿಮೆ. ದೋಣಿ ನಡೆಸಿದ ಪಾಲಿಗೆ ಪೂರ್ತಿ ಸುಂಕ. ಎಷ್ಟೆಂಬುದನ್ನು ಕೊಳ್ಳುವವರೇ ಹೇಳಿ ಸಹಿ ಹಾಕಬೇಕು. ಓಡಿಸಲು 60, ಮನೆಗೆ 40 ಎನ್ನುವುದು ರೂಢಿ. ಚಳಿಗಾಲದಲ್ಲಿ ನಾವು ಓಡುವುದು ಅಷ್ಟಕ್ಕಷ್ಟೇ ಆದ್ದರಿಂದ ಅದನ್ನು ತಿರುವುಮುರುವು ಮಾಡಿ ಬರೆಸಿದೆವು.

ಮಧ್ಯಾಹ್ನ ಲಂಡನ್ ಹತ್ತಿರದ ಸ್ಲೌನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. ಅವನಿಗೂ ಫ್ಲಾಟ್ ಬಿಟ್ಟು ದೋಣಿ ಕೊಳ್ಳುವ ಹುಚ್ಚು ಹತ್ತಿದೆ. "ಬಾಡಿಗೆ ಇಲ್ಲವಲ್ಲ ಅಕ್ಕಾ, ಇಷ್ಟು ಹೊತ್ತಿಗೆ ನೀವು ಒಳ್ಳೆಯ ಗಂಟನ್ನೇ ಮಾಡಿರಬೇಕು. ಭಾವನಿಗೆ ಹೇಳಿ ಲೆಕ್ಕ ಕಳಿಸು" ಎಂದ. ಭಾವ ನೋಡಿಕೊಳ್ಳುವುದು ಎಂಜಿನ್ ಮಾತ್ರ, ಲೆಕ್ಕ ನನ್ನದು ಎಂದೆ. ಅವನಿಗಾಗಿ ಬರೆದದ್ದನ್ನೇ ಇಲ್ಲಿಯೂ ಹಾಕುತ್ತಿದ್ದೇನೆ. ಸಂಜೆಯ ಬೆಳಕಿನಲ್ಲಿ ಚಹಾ ಕುಡಿಯುವ ವಿಡಿಯೋಗಳಲ್ಲಿ ಇದು ಸಿಗುವುದಿಲ್ಲ.

ಮೊದಲ ಮಾತು: ದೋಣಿಗೆ ಕೊಟ್ಟ ಹಣವನ್ನು ಆಸ್ತಿಯ ಕಡೆ ಬರೆಯಬೇಡ. ನಾವು ಬೆಳೆದ ಮನೆಗಳಲ್ಲಿ ದುಡ್ಡು ಎಂದರೆ ಸೈಟು. ಶಿವಮೊಗ್ಗದಿಂದ ಅಪ್ಪ ಇವತ್ತಿಗೂ "ದೋಣಿಗೆ ಈಗ ಎಷ್ಟು ಬೆಲೆ ಬಂದಿದೆಯಮ್ಮಾ?" ಎಂದು ಕೇಳುತ್ತಾರೆ. ಅದು ಏರುವುದಿಲ್ಲ ಎಂದರೆ ಅವರಿಗೆ ಅರ್ಥವೇ ಆಗುವುದಿಲ್ಲ. ಏರುವುದು ನೆಲದ ಬೆಲೆ, ನಮ್ಮ ಕೆಳಗಿರುವುದು ನೀರು. 57 ಅಡಿ ಉದ್ದ, 6 ಅಡಿ 10 ಇಂಚು ಅಗಲದ ಈ ಹಳೆಯ ನ್ಯಾರೋಬೋಟನ್ನು (ಕಿರಿದಾದ ಕಾಲುವೆ ದೋಣಿಯನ್ನು) 2021ರಲ್ಲಿ 52,000 ಪೌಂಡಿಗೆ ಕೊಂಡೆವು. ಹತ್ತು ವರ್ಷ ಇದ್ದು 30,000ಕ್ಕೆ ಮಾರಿದೆವು ಎಂದುಕೊಂಡರೆ ಕರಗಿದ್ದು 22,000. ಅಂದರೆ ತಿಂಗಳಿಗೆ 183 ಪೌಂಡ್. ಆ 52,000 ಬ್ಯಾಂಕಿನಲ್ಲಿದ್ದು ಶೇಕಡಾ 4ರ ಬಡ್ಡಿ ತಂದಿದ್ದರೆ ತಿಂಗಳಿಗೆ ಇನ್ನೂ 173 ಬರುತ್ತಿತ್ತು. ಎರಡನ್ನೂ ಕೂಡಿಸಿದರೆ 356. ಬಾಡಿಗೆ ಇಲ್ಲ ಎನ್ನುತ್ತೀಯಲ್ಲ, ಇದೇ ಬಾಡಿಗೆ; ಮುಂಗಡವಾಗಿ ಕೊಟ್ಟಾಗಿದೆ ಅಷ್ಟೇ.

ಸಾಲದ ವಿಷಯ ಹೆಚ್ಚು ಹೇಳುವಂಥದ್ದಲ್ಲ. ಇಂಥ ದೋಣಿಗೆ ಬ್ಯಾಂಕುಗಳು ಗೃಹಸಾಲ ಕೊಡುವುದಿಲ್ಲ. ದೋಣಿಗೆಂದೇ ಸಾಲ ಕೊಡುವ ಸಂಸ್ಥೆಗಳಿವೆ, ಆದರೆ ಬಡ್ಡಿ ಜಾಸ್ತಿ, ಅವಧಿ ಗಿಡ್ಡ. ಸಾಲ ಮಾಡಿ ದೋಣಿ ಕೊಳ್ಳುವುದಾದರೆ ಸ್ಲೌನಲ್ಲೇ ಇರು.

ಇನ್ನು ತಳದ ಮಾತು. ದೋಣಿಯ ನಿಜವಾದ ಬೆಲೆ ಇರುವುದು ಅಲ್ಲಿ. ಕೊಳ್ಳುವ ಮೊದಲು ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ಸರ್ವೆ ಮಾಡಿಸಿದೆವು. ಸರ್ವೆಯವರು ಮೊದಲು ಸಣ್ಣ ಸುತ್ತಿಗೆಯಿಂದ ಬದಿಯುದ್ದಕ್ಕೂ ಬಡಿಯುತ್ತಾ ಬಂದರು, ಸದ್ದು ಮಂಕಾದ ಕಡೆ ಸೀಮೆಸುಣ್ಣದ ಗುರುತು ಹಾಕಿದರು. ಆಮೇಲೆ ಒಂದು ರೂಪಾಯಿ ಅಗಲ ತುಕ್ಕು ಕೆರೆದು, ಅಂಟುದ್ರವ ಹಚ್ಚಿ, ಶ್ರವಣಾತೀತ ತರಂಗದಿಂದ ಉಕ್ಕಿನ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆಯುವ ಯಂತ್ರ ಇಟ್ಟರು. ಪುಟ್ಟ ಪರದೆಯ ಮೇಲೆ 5.6, 5.4, 5.5 ಎಂದು ಬರುತ್ತಾ ಹಿಂಬದಿಯ ನೀರಿನ ಗೆರೆಯ ಹತ್ತಿರ ಒಮ್ಮೆಲೇ 4.7 ಎಂದು ಬಂತು. ಈ ದೋಣಿಗಳ ತಳದ ಹಾಳೆ ಹೊಸದರಲ್ಲಿ ಸಾಮಾನ್ಯವಾಗಿ 10 ಮಿಲಿಮೀಟರ್, ಬದಿಯದು 6. ಉಕ್ಕು 4 ಮಿಲಿಮೀಟರಿಗಿಂತ ತೆಳುವಾದರೆ ಬಹಳಷ್ಟು ವಿಮಾ ಕಂಪನಿಗಳು ತಕರಾರು ತೆಗೆಯುತ್ತವೆ. ಆಗ ಹಳೆಯ ಹಾಳೆಯ ಮೇಲೆ ಹೊಸ ಹಾಳೆ ಬೆಸುಗೆ ಹಾಕಿಸಬೇಕು, ಅದು ಸಾವಿರಗಳ ಮಾತು. 4.7ಕ್ಕೂ 4ಕ್ಕೂ ನಡುವೆ ಇರುವುದು ಮುಕ್ಕಾಲು ಮಿಲಿಮೀಟರೂ ಅಲ್ಲ. ಆ 4.7ನ್ನು ತೋರಿಸಿಯೇ ನಾನು ಬೆಲೆಯಲ್ಲಿ 3,000 ಇಳಿಸಿದೆ. ಇವರು ಇಂದಿಗೂ ಅದನ್ನು ಹೇಳಿಕೊಂಡು ತಿರುಗುತ್ತಾರೆ.

ತುಕ್ಕನ್ನು ತಡೆಯಲು ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ಮೇಲೆತ್ತಿಸಿ, ತೊಳೆದು, ಡಾಂಬರಿನಂಥ ಕಪ್ಪು ಬಣ್ಣ ಬಳಿಯಬೇಕು. ಬದಿಗೆ ಬೆಸೆದಿರುವ ಮೆಗ್ನೀಸಿಯಂ ಗಟ್ಟಿಗಳು ಉಕ್ಕಿನ ಬದಲು ತಾವೇ ಸವೆಯುತ್ತವೆ, ಅವನ್ನೂ ಬದಲಿಸಬೇಕು. ಇದನ್ನು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 500 ಎಂದು ಹಿಡಿ.

ಪರವಾನಗಿ ನೋಡೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಕಾಲುವೆ-ನದಿಗಳನ್ನು 2012ರಿಂದ ನೋಡಿಕೊಳ್ಳುತ್ತಿರುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್. ಪರವಾನಗಿ ಬೇಕೆಂದರೆ ವಿಮೆ ಇರಬೇಕು, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಪ್ರಮಾಣಪತ್ರ ಮಾಡಿಸಬೇಕು, ಮತ್ತು ಒಂದೋ ಕಾಯಂ ಲಂಗರು ಜಾಗ ಇರಬೇಕು, ಇಲ್ಲವೇ ಸಾಗುತ್ತಲೇ ಇರಬೇಕು. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯ ಪ್ರಕಾರ, ಸಕಾರಣವಿಲ್ಲದೆ ಒಂದೇ ಸ್ಥಳದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ನಾವು ಸಾಗುವವರ ಪಂಗಡ. ನಮ್ಮಂಥವರ ಮೇಲೆ 2024ರ ಏಪ್ರಿಲ್‌ನಿಂದ ಹೆಚ್ಚುವರಿ ಶುಲ್ಕ ಬಿದ್ದಿದೆ. ಶೇಕಡಾ 5ರಿಂದ ಶುರುವಾಗಿ 2028ಕ್ಕೆ 25 ಆಗುವಂತೆ ಅದನ್ನು ಹಂತಹಂತವಾಗಿ ಏರಿಸುತ್ತಿದ್ದಾರೆ. ಅಲೆಮಾರಿ ದೋಣಿಗರ ಸಂಘ ಅದನ್ನು ಬಲವಾಗಿ ವಿರೋಧಿಸಿತು. ನನಗೂ ಅದು ನ್ಯಾಯವೆನಿಸಿಲ್ಲ. ಕಾಲುವೆಯ ದುರಸ್ತಿಗೆ ದುಡ್ಡು ಬೇಕು, ಒಪ್ಪುತ್ತೇನೆ, ಆದರೆ ಅದನ್ನು ಬೇರೆ ಮನೆಯಿಲ್ಲದವರಿಂದ ಹೆಚ್ಚಾಗಿ ಕೀಳುವುದು ಯಾವ ಲೆಕ್ಕ? ನಮಗೀಗ ಪರವಾನಗಿ ವರ್ಷಕ್ಕೆ ಸುಮಾರು 1,400, ವಿಮೆ 220. ನೀರು ತುಂಬಿಸಿಕೊಳ್ಳುವುದು, ಶೌಚದ ಪೆಟ್ಟಿಗೆ ಖಾಲಿ ಮಾಡುವುದು ಪರವಾನಗಿಯಲ್ಲೇ ಬರುತ್ತದೆ. ಆ ಪೆಟ್ಟಿಗೆಯನ್ನು ಹೊತ್ತು ನಡೆಯುವ ಕೂಲಿಯನ್ನು ನಾನು ಲೆಕ್ಕದಲ್ಲಿ ಸೇರಿಸಿಲ್ಲ.

ಲಂಗರು ಜಾಗ ಬಾಡಿಗೆಗೆ ಹಿಡಿಯುತ್ತೇನೆ ಎಂದಾನು ನಮ್ಮ ಹುಡುಗ. ಹಿಡಿಯಲಿ, ಆದರೆ ಕಟ್ಟಿಕೊಳ್ಳುವ ಜಾಗ ಬೇರೆ, ವಾಸಕ್ಕೆ ಅನುಮತಿ ಇರುವ ಜಾಗ ಬೇರೆ. ಎರಡನೆಯದು ಲಂಡನ್ ಸುತ್ತಮುತ್ತ ಸಿಗುವುದು ಅಪರೂಪ, ಸಿಕ್ಕರೂ ಬೆಲೆ ಫ್ಲಾಟಿನ ಕಡೆಗೇ ವಾಲುತ್ತದೆ, ಮೇಲೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ತೆರಿಗೆ.

ವಿದ್ಯುತ್ತಿನ ಲೆಕ್ಕ ಪೌಂಡಿನಲ್ಲಿ ಹೇಳಿದರೆ ತಿಳಿಯುವುದಿಲ್ಲ, ಇಡ್ಲಿ ಹಿಟ್ಟಿನಲ್ಲಿ ಹೇಳುತ್ತೇನೆ. ಜೂನ್‌ನಲ್ಲಿ ಚಾವಣಿಯ ಸೌರಫಲಕಗಳಿಂದ ಬೇಕಾದಷ್ಟು ಕರೆಂಟ್, ಯಾವಾಗ ಬೇಕಾದರೂ ರುಬ್ಬು. ನವೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಮಿಕ್ಸಿ ಹಾಕಿದ ಕೂಡಲೇ ಬ್ಯಾಟರಿಯ ವೋಲ್ಟೇಜ್ ಕುಸಿದು, ಇನ್ವರ್ಟರ್ ಕಿರುಚಿ, ದೀಪವೂ ಹೋಗುತ್ತದೆ. ಹಾಗಾಗಿ ಮೊದಲು ಎಂಜಿನ್ ಓಡಿಸಿ, ಆಮೇಲೆ ರುಬ್ಬಬೇಕು. ದಡಕ್ಕೆ ಕಟ್ಟಿ ನಿಂತಾಗ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಎಂಜಿನ್ ಓಡಿಸುವಂತಿಲ್ಲ. ಕೆಲಸದಿಂದ ಬರುವುದೇ ಏಳಕ್ಕೆ. ಬೂಟು ಬಿಚ್ಚುವ ಮೊದಲು ಉದ್ದಿನಬೇಳೆ ಮಿಕ್ಸಿಯ ಜಾರಿನೊಳಗೆ ಬಿದ್ದಿರಬೇಕು. ಹಿಟ್ಟು ಮಾತ್ರ ಒಲೆಯ ಪಕ್ಕದಲ್ಲಿ ಬೆಳಗಾಗುವಷ್ಟರಲ್ಲಿ ಮುಚ್ಚಳ ಎತ್ತಿಕೊಂಡು ಉಬ್ಬಿರುತ್ತದೆ. ಫ್ಲಾಟಿನಲ್ಲಿ ಒಮ್ಮೆಯೂ ಹಾಗೆ ಹುಳಿ ಬಂದಿರಲಿಲ್ಲ.

ಎಲ್ಲರೂ ಮರೆಯುವ ಖರ್ಚು ರೈಲಿನದು. ಮನೆ ಎರಡು ವಾರಕ್ಕೊಮ್ಮೆ ಜಾಗ ಬದಲಿಸಿದರೆ ಹತ್ತಿರದ ನಿಲ್ದಾಣವೂ ಬದಲಾಗುತ್ತದೆ. ಒಮ್ಮೆ ಟ್ರಿಂಗ್, ಒಮ್ಮೆ ಬರ್ಕಮ್‌ಸ್ಟೆಡ್, ಒಮ್ಮೆ ಲೇಟನ್ ಬಜರ್ಡ್. ವಾರ್ಷಿಕ ಪಾಸು ಇಂಥ ಊರಿನಿಂದ ಇಂಥ ಊರಿಗೆ ಎಂದೇ ಇರುವುದರಿಂದ ನಮಗೆ ಉಪಯೋಗಕ್ಕಿಲ್ಲ. ಹತ್ತಿರದಲ್ಲೇ ಸುತ್ತಿಕೊಂಡಿರೋಣ ಎಂದರೆ ಅದಕ್ಕೂ ಮಿತಿಯಿದೆ. ವರ್ಷವಿಡೀ 20 ಮೈಲಿಗಿಂತ ಕಡಿಮೆ ವ್ಯಾಪ್ತಿಯಲ್ಲೇ ಸುತ್ತಿದರೆ ಸಾಲದು ಎಂಬುದು ಟ್ರಸ್ಟಿನ ಸೂಚನೆ. ಚಳಿಗಾಲದಲ್ಲಿ ಲಾಕ್‌ಗಳನ್ನು (ನೀರಿನ ಮಟ್ಟ ಏರಿಳಿಸಿ ದೋಣಿ ದಾಟಿಸುವ ಕಟ್ಟೆಗಳನ್ನು) ದುರಸ್ತಿಗೆಂದು ಮುಚ್ಚಿದಾಗ ಯಾವ ಕಡೆ ಸಿಕ್ಕಿಕೊಳ್ಳುತ್ತೇವೋ ಆ ಕಡೆಯ ನಿಲ್ದಾಣವೇ ಗತಿ. ನನಗೆ ವಾರದಲ್ಲಿ ಎರಡು ದಿನ ಕಚೇರಿ, ಹೇಗೋ ನಡೆಯುತ್ತದೆ. ದಿನಾ ಹೋಗುವ ಕೆಲಸವಾಗಿದ್ದರೆ ಈ ಬದುಕು ಇಲ್ಲಿಯವರೆಗೆ ಬರುತ್ತಿರಲಿಲ್ಲ.

ಈಗ ಕೂಡಿಸುತ್ತೇನೆ. ಪರವಾನಗಿ, ವಿಮೆ, ಪ್ರಮಾಣಪತ್ರ, ಬಣ್ಣ, ಕಲ್ಲಿದ್ದಲು 600, ಅನಿಲ 300, ಡೀಸೆಲ್ 900, ಇಂಟರ್ನೆಟ್ 360, ಎಂಜಿನ್-ಬ್ಯಾಟರಿ-ಪಂಪುಗಳ ರಿಪೇರಿಗೆ 1,500. ವರ್ಷಕ್ಕೆ 5,840, ಅಂದರೆ ತಿಂಗಳಿಗೆ 490. ಮೊದಲು ಹೇಳಿದ 356 ಸೇರಿದರೆ 850ರ ಆಸುಪಾಸು. ಫ್ಲಾಟಿನಲ್ಲಿ ಬಾಡಿಗೆ, ಕೌನ್ಸಿಲ್ ತೆರಿಗೆ, ಕರೆಂಟು ಎಲ್ಲ ಸೇರಿ 1,680 ಹೋಗುತ್ತಿತ್ತು. ಉಳಿಯುವ 830ರಲ್ಲಿ 250ನ್ನು ದೋಣಿಯ ತಳದ ರಿಪೇರಿಯ ಹೆಸರಿನಲ್ಲಿ ಬೇರೆ ಖಾತೆಗೆ ಹಾಕುತ್ತೇನೆ, ಮುಟ್ಟುವುದಿಲ್ಲ. ರೈಲಿಗೆ ಹೆಚ್ಚಾಗಿ 150. ಕೈಯಲ್ಲಿ ನಿಲ್ಲುವುದು 430. ಕಡಿಮೆಯೇನಲ್ಲ. ಆದರೆ ಚಿಕ್ಕಪ್ಪನ ಮಗ ಎಣಿಸಿದ್ದು 1,680.

ಇಷ್ಟು ಬರೆದು ಕಳಿಸಿದ ಮೇಲೆ ಇವರು ಕೇಳಿದರು: "ಅವನು ಫ್ಲಾಟ್ ಬಿಟ್ಟರೆ ನಮ್ಮ ಕಾಗದಗಳು ಎಲ್ಲಿಗೆ ಬರುತ್ತವೆ?" ಬ್ಯಾಂಕು, ಚಾಲನಾ ಪರವಾನಗಿ, ವಿಮೆ, ದೋಣಿಯ ಪರವಾನಗಿ, ಎಲ್ಲದರಲ್ಲೂ ನಮ್ಮ ವಿಳಾಸ ಅವನ ಸ್ಲೌ ಫ್ಲಾಟೇ. ಅಂಚೆ ಪಡೆದು ಮುಂದಕ್ಕೆ ಕಳಿಸುವ ಸೇವೆಗಳಿವೆ, ತಿಂಗಳಿಗೆ ಇಷ್ಟೆಂದು ಶುಲ್ಕ. ಅಂಥ ವಿಳಾಸವನ್ನು ಎಲ್ಲ ಬ್ಯಾಂಕುಗಳೂ ಒಪ್ಪುವುದಿಲ್ಲ. ಮಿಲ್ಟನ್ ಕೀನ್ಸ್‌ನಲ್ಲಿರುವ ಗೆಳತಿಯನ್ನು ನಾಳೆ ಕೇಳಿ ನೋಡುತ್ತೇನೆ. ಅವಳು ಒಪ್ಪಿದರೆ ಅವನ ಕಾಗದಗಳನ್ನೂ ಅಲ್ಲಿಗೇ ಹಾಕಿಸಬಹುದು.