ಅತ್ತಿಮಬ್ಬೆ: ಮಗಳಿಗೆ ಇಡುವುದಾದರೆ ಪೂರ್ತಿ ಇಡಿ

ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ‘ಅತ್ತಿಮಬ್ಬೆ’ ಸಿಗುವುದೇ ಅಪರೂಪ. ಸಿಕ್ಕರೂ ಅದರ ಮುಂದೆ ಅರ್ಥ ಎಂದು ‘ದಾನಶೀಲೆ’ ಅಂತ ಬರೆದಿರುತ್ತಾರೆ. ಅದು ಹೆಸರಿನ ಅರ್ಥವಲ್ಲ, ಹತ್ತನೆಯ ಶತಮಾನದಲ್ಲಿ ಆ ಹೆಸರು ಹೊತ್ತವಳ ಕೀರ್ತಿ. ‘ದಾನಚಿಂತಾಮಣಿ’ ಎಂಬ ಬಿರುದಿನ ಅರ್ಥವನ್ನು ತಂದು ಹೆಸರಿಗೆ ಅಂಟಿಸಿದ್ದಾರೆ, ಅಷ್ಟೇ.

ಹೆಸರನ್ನು ಬಿಡಿಸಿದರೆ ಅತ್ತಿಮ + ಅಬ್ಬೆ, ಶಾಲೆಯಲ್ಲಿ ಓದಿದ ಲೋಪಸಂಧಿ. ಅಬ್ಬೆ ಎಂದರೆ ತಾಯಿ. ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಹವ್ಯಕರ ಮನೆಗಳಲ್ಲಿ ಇವತ್ತಿಗೂ ಅಮ್ಮ ಅಂದರೆ ಅಬ್ಬೆಯೇ. ಉಳಿದ ಕಡೆ ಅದೇ ಮಾತು ಅವ್ವೆಯಾಗಿ, ಆಮೇಲೆ ಅವ್ವ ಆಗಿ ಸವೆದಿದೆ. ಹತ್ತನೆಯ ಶತಮಾನದಲ್ಲಿ ಇದು ಗೌರವದ ಕೊನೆಪದ. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ, ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತು ಎಂಬ ನಾಡನ್ನು ಆಳಿದವಳು ಜಕ್ಕಿಯಬ್ಬೆ. ಗಂಡಸರ ಹೆಸರಿನ ಕೊನೆಗೆ ಅಯ್ಯ ಬಂದ ಹಾಗೆ ಹೆಂಗಸರ ಹೆಸರಿಗೆ ಅಬ್ಬೆ. ಅತ್ತಿಮಬ್ಬೆಯ ಮನೆಯಲ್ಲೇ ಇದು ಕಾಣುತ್ತದೆ: ಚಿಕ್ಕಪ್ಪ ಪುನ್ನಮಯ್ಯ, ತಂಗಿ ಗುಂಡಮಬ್ಬೆ. ಅಯ್ಯ, ಅಬ್ಬೆ ತೆಗೆದರೆ ಉಳಿಯುವುದು ಪುನ್ನಮ, ಗುಂಡಮ, ಅತ್ತಿಮ. ಮೂರಕ್ಕೂ ಒಂದೇ ಅಚ್ಚು. ‘ಅತ್ತಿ’ಯನ್ನು ಅತ್ತಿಮರಕ್ಕೆ ಜೋಡಿಸಿ ‘ಔದುಂಬರದ ತಾಯಿ’ ಎಂದು ಹೇಳುವುದು ಕೇಳಲು ಚೆಂದವೇ. ಆದರೆ ನಡುವಿನ ‘ಮ’ ಎಲ್ಲಿಂದ ಬಂತು ಎಂಬುದಕ್ಕೆ ಆ ವಿವರಣೆಯಲ್ಲಿ ಉತ್ತರವಿಲ್ಲ. ನಾಮಕರಣದ ಕರೆಯೋಲೆಯಲ್ಲಿ ಅರ್ಥ ಅಚ್ಚು ಹಾಕಿಸುವುದಿದ್ದರೆ ‘ತಾಯಿ ಅತ್ತಿಮ’ ಎಂದಷ್ಟೇ ಹಾಕಿಸಿ. ಅಷ್ಟು ಗಟ್ಟಿಯಾಗಿ ಹೇಳಬಹುದು.

ಹೆಸರಿಗೆ ತೂಕ ಬಂದದ್ದು ಒಬ್ಬಳಿಂದ. ಅತ್ತಿಮಬ್ಬೆ ಮಲ್ಲಪನ ಮಗಳು. ಕಲ್ಯಾಣ ಚಾಲುಕ್ಯರ ದಂಡನಾಯಕ ನಾಗದೇವನಿಗೆ ಅಕ್ಕ ತಂಗಿ ಇಬ್ಬರನ್ನೂ ಕೊಟ್ಟಿದ್ದರು. ನಾಗದೇವ ತೀರಿಕೊಂಡಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದು ಮಗ ಅಣ್ಣಿಗದೇವನನ್ನು ಬೆಳೆಸಿದಳು. ಪೊನ್ನನಿಂದ ಶಾಂತಿಪುರಾಣ ಬರೆಸಿದವರು ಮಲ್ಲಪ, ಪುನ್ನಮಯ್ಯ ಸೋದರರು. ಅದೇ ಕಾವ್ಯದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು ಮಗಳು. ಓಲೆಗರಿಯನ್ನು ಹದಮಾಡಿ, ಕಂಟದಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ತೀಡಿ ಒರೆಸಬೇಕಿದ್ದ ಕಾಲ. ಒಂದು ಪ್ರತಿಗೇ ಎಷ್ಟು ದಿನ ಹಿಡಿದೀತು ಎಂದು ಯೋಚಿಸಿ, ಆಮೇಲೆ ಸಾವಿರ ಎಂಬ ಸಂಖ್ಯೆಯನ್ನು ನೋಡಿ. ಅವಳು ಮಾಡಿಸಿದ ಜಿನಬಿಂಬಗಳ ಲೆಕ್ಕ ಸಾವಿರದ ಐನೂರು. ಗದಗದ ಬಳಿಯ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬ್ರಹ್ಮ ಜಿನಾಲಯ ಈಗಲೂ ನಿಂತಿದೆ. ಅಲ್ಲಿಯ ಶಾಸನ 1007ರದು.

ರನ್ನ ಅವಳ ಆಶ್ರಯದಲ್ಲೇ 993ರಲ್ಲಿ ಅಜಿತಪುರಾಣ ಮುಗಿಸಿದ. ಅವಳ ನಡತೆಯ ಪಾವಿತ್ರ್ಯಕ್ಕೆ ಅವನು ಹುಡುಕಿದ ಹೋಲಿಕೆಗಳಲ್ಲಿ ಮೊದಲನೆಯದು ಬಿಳಿಯ ಅರಳೆ, ಅಂದರೆ ಹತ್ತಿ. ಗಂಗಾಜಲ, ಅಜಿತಸೇನ ಮುನಿಯ ಗುಣಗಳು, ಕೊಪಣಾಚಲ (ಇವತ್ತಿನ ಕೊಪ್ಪಳದ ಬೆಟ್ಟ) ಎಲ್ಲ ಆಮೇಲೆ ಬರುತ್ತವೆ. ಅಷ್ಟಕ್ಕೇ ನಿಲ್ಲದೆ ತನ್ನ ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟ. ಮಗನಿಗೆ ಚಾವುಂಡರಾಯನ ನೆನಪಿಗೆ ರಾಯ. ಹೆಸರಿನ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಬಳೆಗಾರರ ಕುಲದಲ್ಲಿ ಹುಟ್ಟಿದ ಕವಿ ದಂಡನಾಯಕನ ಮನೆಯ ಹೆಸರನ್ನು ತನ್ನ ಮನೆಯ ತೊಟ್ಟಿಲಿಗೆ ತಂದ. ಸಾವಿರ ವರ್ಷದ ಹಿಂದೆಯೇ ಈ ಹೆಸರು ಅಭಿಮಾನದಿಂದ ಇಡುವ ಹೆಸರಾಗಿತ್ತು. ಇವತ್ತು ಯಾರಾದರೂ ಇಟ್ಟರೆ ರನ್ನ ಮಾಡಿದ್ದನ್ನೇ ಮಾಡಿದ ಹಾಗೆ.

ಹಾಗಿದ್ದೂ ಬಳಕೆ ಯಾಕೆ ನಿಂತಿತು? ಹೆಸರಿನ ತಪ್ಪಲ್ಲ, ಕೊನೆಪದ ಹಳತಾಯಿತು. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಗೊಗ್ಗವ್ವೆ, ಕಾಳವ್ವೆ, ರೆಮ್ಮವ್ವೆ ಇದ್ದಾರೆ: ಅಬ್ಬೆ ಆಗಲೇ ಅವ್ವೆಯಾಗಿದೆ. ಅವರ ಜೊತೆಗೇ ಅಕ್ಕ, ಅಮ್ಮ ಎಂದು ಮುಗಿಯುವ ಹೆಸರುಗಳೂ ಇವೆ. ಅರಮನೆಯ ಕಡೆ ದೇವಿ ಬಂತು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿ, ಅವಳ ತಾಯಿ ಮಾಚಿಕಬ್ಬೆ. ಒಂದೇ ಮನೆಯಲ್ಲಿ, ಒಂದೇ ತಲೆಮಾರಿನ ಅಂತರದಲ್ಲಿ ಅಬ್ಬೆ ಹೋಗಿ ದೇವಿ ಬಂದಿದ್ದಾಳೆ. ಶಾಂತಲಾ ಎಂಬ ಹೆಸರು ಇವತ್ತೂ ಓಡಾಡುತ್ತಿದೆ, ಮಾಚಿಕಬ್ಬೆಯನ್ನು ಕೇಳುವವರಿಲ್ಲ.

ಎಷ್ಟು ಮಂದಿಗೆ ಈ ಹೆಸರಿದೆ ಎಂದು ಕೇಳುವವರಿಗೆ ಒಂದು ಮಾತು. ಅಮೆರಿಕದಲ್ಲಿ ವರ್ಷಕ್ಕೆ ಐದು ಮಕ್ಕಳಿಗಾದರೂ ಇಟ್ಟ ಹೆಸರುಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸುತ್ತದೆ. ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. ಆದ್ದರಿಂದ ಜಾಲತಾಣಗಳು ಕೊಡುವ ‘ಜನಪ್ರಿಯತೆಯ ಶ್ರೇಯಾಂಕ’ಕ್ಕೆ ಬೆಲೆ ಕೊಡಬೇಡಿ. ಅತ್ತಿಮಬ್ಬೆ ಈಗ ಹೆಚ್ಚಾಗಿ ಕೇಳಿಬರುವುದು ಪಾಠಪುಸ್ತಕದಲ್ಲಿ, ಮತ್ತೆ ಲೇಖಕಿಯರಿಗೆ ಕರ್ನಾಟಕ ಸರ್ಕಾರ ಕೊಡುವ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿಯ ಸುದ್ದಿಯಲ್ಲಿ. ಶಾಲೆಯ ಹಾಜರಿಯಲ್ಲಿ ನಿಮ್ಮ ಮಗಳೊಬ್ಬಳೇ ಇರುತ್ತಾಳೆ ಎಂದುಕೊಂಡೇ ಇಡಿ.

ಹೆಸರು ಕಿವಿಗೆ ಭಾರ ಎನ್ನುವವರು ಒಮ್ಮೆ ಪ್ರಸ್ತಾರ ಹಾಕಿ ನೋಡಲಿ. ಗುರು ಲಘು, ಗುರು ಲಘು: ಮೂರು ಮೂರು ಮಾತ್ರೆಯ ಎರಡು ಗಣ. ಜೋಗುಳಕ್ಕೆ ಹಾಗೆಯೇ ಕೂರುತ್ತದೆ. ಎಕಾರದಲ್ಲಿ ಮುಗಿಯುವುದರಿಂದ ಅತ್ತಿಮಬ್ಬೆಯ, ಅತ್ತಿಮಬ್ಬೆಗೆ ಎಂದು ವಿಭಕ್ತಿಯೂ ಸಲೀಸು. ‘ಮಾಡರ್ನ್’ ಮಾಡುತ್ತೇವೆಂದು ಕೊನೆಯನ್ನು ಕತ್ತರಿಸಿ ‘ಅತ್ತಿಮಾ’ ಎಂದು ಇಡಲು ಹೊರಡುವುದು ನನಗೆ ಒಪ್ಪಿಗೆಯಿಲ್ಲ. ಅರ್ಥ ಖಚಿತವಾಗಿ ಗೊತ್ತಿರುವ ಭಾಗವೇ ಅಬ್ಬೆ. ಅದನ್ನೇ ತೆಗೆದರೆ ಉಳಿಯುವುದು ಬರೀ ಸದ್ದು.

ಎಡವುವುದು ಬರವಣಿಗೆಯಲ್ಲಿ. ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ: ಟಿ ಎರಡು, ಬಿ ಎರಡು, ಕೊನೆಗೆ ಇ. ಒಂದು ಟಿ ಬಿಟ್ಟರೆ ‘ಅತಿಮಬ್ಬೆ’ ಆಗುತ್ತದೆ. ಎಚ್ ಸೇರಿಸಿದರೆ ಉತ್ತರದವರು ‘ಅತ್ಥಿ’ ಎನ್ನುತ್ತಾರೆ, ಸೇರಿಸದಿದ್ದರೆ ‘ಅಟ್ಟಿ’ ಎನ್ನುವವರೂ ಸಿಗುತ್ತಾರೆ. ಎಚ್ ಇಲ್ಲದ ರೂಪವೇ ವಾಸಿ, ಎಲ್ಲ ಕಾಗದದಲ್ಲೂ ಅದೊಂದೇ ಇರಲಿ. ಆಧಾರ್ ಮಾಡಿಸುವಾಗ ಇಂಗ್ಲಿಷಿನಿಂದ ಕನ್ನಡಕ್ಕೆ ಯಂತ್ರವೇ ತಿರುಗಿಸುವುದರಿಂದ ‘ಅಟ್ಟಿಮಬ್ಬೆ’ ಎಂದು ಬರುವ ಸಂಭವ ಇದೆ. ಒಪ್ಪಿಗೆ ಕೊಡುವ ಮೊದಲು ಪರದೆಯ ಮೇಲಿನ ಕನ್ನಡ ಸಾಲನ್ನು ಓದಿ, ಅಲ್ಲೇ ತಿದ್ದಿಸಿ. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಹಿಂದಿಯ ಬರಹದಲ್ಲಿ ಹ್ರಸ್ವ ಎಕಾರ ಇಲ್ಲದ ಕಾರಣ ಅಲ್ಲಿ ಕೊನೆ ದೀರ್ಘವಾಗಿ ‘ಬ್ಬೇ’ ಆಗುತ್ತದೆ. ಅದನ್ನು ತಡೆಯಲಾಗದು.

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರು ಅದರ ಜೊತೆಗೇ ಇರಬೇಕೆಂದಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಿ ಸೇರಿಸಬಹುದು. ಮನೆಯ ಹಿರಿಯರನ್ನು ಒಪ್ಪಿಸಲು ಸಮಯ ಬೇಕಿದ್ದರೆ ಈ ಒಂದು ವರ್ಷವನ್ನು ಬಳಸಿಕೊಳ್ಳಿ. ಆಸ್ಪತ್ರೆಯ ಅರ್ಜಿಯಲ್ಲಿ ಅವಸರದಿಂದ ಬರೆದ ಸ್ಪೆಲ್ಲಿಂಗೇ ತಪ್ಪುಗಳ ಮೂಲ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಆಧಾರ, ಆದ್ದರಿಂದ ಅಲ್ಲಿನ ಒಂದು ಅಕ್ಷರ ಕಡೆಯವರೆಗೂ ಬೆನ್ನು ಹತ್ತುತ್ತದೆ. ಅತ್ತಿಮಬ್ಬೆ ಒಂದನ್ನೇ ಇಟ್ಟು ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಬಿಡಬೇಡಿ. ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರಿನಿಂದ ಪ್ರವಾಸಿ ವೀಸಾ ನಿಲ್ಲಿಸಿತು. ಅಪ್ಪನ ಅಥವಾ ಅಮ್ಮನ ಹೆಸರನ್ನು ಇನಿಷಿಯಲ್ ಮಾಡದೆ ಬಿಡಿಸಿ ಬರೆಸಿ.

ಇನ್ನು ಕರೆಯುವ ಹೆಸರು. ‘ಅತ್ತಿ’ ಅಂತ ಮೊಟಕು ಮಾಡಿದರೆ ಧಾರವಾಡ, ಗದಗದ ಕಡೆ ಅದು ಅತ್ತೆ ಆಗಿಬಿಡುತ್ತದೆ. ಮನೆಯನ್ನು ‘ಮನಿ’ ಎನ್ನುವ ನಾಲಿಗೆ ಅತ್ತೆಯನ್ನು ‘ಅತ್ತಿ’ ಅನ್ನುತ್ತದೆ. ಅತ್ತಿಮಬ್ಬೆಯ ಸ್ವಂತ ಸೀಮೆಯಲ್ಲೇ ಪುಟ್ಟ ಹುಡುಗಿಗೆ ಈ ಪಾಡು. ‘ಮಬ್ಬೆ’ ಅಂತೂ ಬೇಡವೇ ಬೇಡ. ಅದನ್ನು ‘ಮಬ್ಬು’ ಮಾಡಲು ಎರಡನೇ ಕ್ಲಾಸಿನ ಮಕ್ಕಳಿಗೆ ಒಂದು ದಿನ ಸಾಕು. ಹವ್ಯಕರ ಮನೆಯಲ್ಲಿ ‘ಅಬ್ಬೆ’ ಎಂದು ಕೂಗಿದರೆ ಅಡುಗೆಮನೆಯಿಂದ ಅಮ್ಮ ಓಗೊಡುತ್ತಾಳೆ. ನನ್ನ ಆಯ್ಕೆ ‘ಅಬ್ಬಿ’. ಮಲೆನಾಡು, ಕೊಡಗಿನ ಕಡೆ ಆ ಮಾತಿಗೆ ಜಲಪಾತ ಎಂಬ ಅರ್ಥವೂ ಇದೆ.