ದೋಟಿಯ ತುದಿ ಮತ್ತು ತಂತಿ

ಇಂದು ಬೆಳಿಗ್ಗೆ ಅಡಿಕೆ ಕೊನೆ (ಗೊಂಚಲು) ಇಳಿಸಲು ಬಂದವರು ದೋಟಿಯ, ಅಂದರೆ ನೆಲದಲ್ಲೇ ನಿಂತು ಕೊನೆ ಕೊಯ್ಯುವ ಉದ್ದನೆಯ ಕೋಲಿನ, ಕೀಲುಗಳನ್ನು ಒಂದೊಂದಾಗಿ ಬಿಗಿದ ಮೇಲೆ, ಅದನ್ನು ಎತ್ತುವ ಮೊದಲು, ಬೇಲಿಯಂಚಿನಲ್ಲಿ ಹಾದುಹೋಗುವ ವಿದ್ಯುತ್ ತಂತಿಯನ್ನು ಬಹಳ ಹೊತ್ತು ನೋಡುತ್ತ ನಿಂತರು. ಮರ ಹತ್ತುವ ಅಪಾಯವನ್ನು ತಪ್ಪಿಸಿದ ಕಾರ್ಬನ್ ಫೈಬರ್ ದೋಟಿ ಹಗುರವೇನೋ ಹೌದು; ಆದರೆ ಅದು ಒಣಬಿದಿರಿನಂತಲ್ಲ, ಅಲ್ಯೂಮಿನಿಯಂ ದೋಟಿಯ ಹಾಗೆಯೇ ತನ್ನ ಮೂಲಕ ವಿದ್ಯುತ್ತನ್ನು ಹರಿಯಬಿಡುತ್ತದೆ ಎಂಬ ಮಾತು ನಮ್ಮಲ್ಲಿ ಹಲವರ ಮನಸ್ಸಿಗೆ ಇನ್ನೂ ಇಳಿದಿಲ್ಲ. ಬೇಲಿಯಂಚಿನ ಆ ತಂತಿ 11 ಕೆ.ವಿ.ಯದು; ಅಂದರೆ 11,000 ವೋಲ್ಟ್. ಮನೆಯ 230 ವೋಲ್ಟಿನ ಅಂದಾಜಿನಲ್ಲಿ ಅದನ್ನು ಅಳೆಯಲಾಗದು, ಮುಟ್ಟದಿದ್ದರೂ ತೀರಾ ಹತ್ತಿರ ಸರಿದರೆ ಸಾಕು, ಕಿಡಿ ಹಾರಬಹುದು.

ತಂತಿಯ ಪಕ್ಕದ ಆರು ಮರಗಳನ್ನು ಅವರು ಹಾಗೆಯೇ ಬಿಟ್ಟರು. ಲೈನಿನ ವಿದ್ಯುತ್ ತೆಗೆಸಿದ ದಿನವೇ ಅವುಗಳ ಕೊನೆ ಇಳಿಸೋಣ ಎಂದಿದ್ದೇನೆ. ಅಷ್ಟರಲ್ಲಿ ಹಣ್ಣಾಗಿ ಉದುರಿಹೋದರೂ ನನಗೆ ಬೇಸರವಿಲ್ಲ.