ರೈಲಿಗೆ ಇನ್ನೂ ಒಂದು ಗಂಟೆ ಇದೆ, ಯಾವ ಪಬ್‌ಗೆ ಹೋಗೋಣ?

ಇಂಗ್ಲೆಂಡಿಗೆ ಹೊಸದಾಗಿ ಬಂದ ಗೆಳೆಯರು, ಬೇಸಿಗೆಯಲ್ಲಿ ಊರಿಂದ ಬರುವ ನೆಂಟರು, ಆಫೀಸಿನ ಕನ್ನಡದ ಹುಡುಗರು, ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಸ್ಟೇಷನ್ ಹತ್ತಿರ ಯಾವ ಪಬ್ ಚೆನ್ನಾಗಿದೆ? ಇದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ. ವೆದರ್‌ಸ್ಪೂನ್ ತರದ ಚೈನ್ ಪಬ್‌ಗೆ ಹೋಗಬಹುದಾ? ಅಲ್ಲಿ ಬರೀ ಅಗ್ಗ, ರುಚಿ ಇಲ್ಲ ಅಂತಾರಲ್ಲ?

ನಾನಿರುವುದು ಯಾರ್ಕ್‌ಷೈರ್‌ನಲ್ಲಿ. ಕೆಲಸದ ಮೇಲೆ ರೈಲಿನಲ್ಲೇ ಓಡಾಟ. ಹಾಗಾಗಿ ಸ್ಟೇಷನ್ ಪಬ್‌ಗಳ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯಗಳಿವೆ. ಮೊದಲೇ ಹೇಳಿಬಿಡುತ್ತೇನೆ. ಹೊರಗಿನ ಬೋರ್ಡು ಚೈನಿನದೋ ಅಲ್ಲವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಒಳಗೆ ಹೋಗಿ ಕೌಂಟರಿನ ಮೇಲಿನ ಪಂಪುಗಳನ್ನು ನೋಡಿ.

ಬೆಂಗಳೂರಿನ ಪಬ್ ನೋಡಿ ಬಂದವರಿಗೆ ಇಲ್ಲಿನದು ಬೇರೆಯೇ ಜಾಗ. ಜೋರು ಸಂಗೀತ ಇರಲೇಬೇಕೆಂದಿಲ್ಲ. ಟೇಬಲ್ಲಿಗೆ ಬಂದು ಆರ್ಡರ್ ಕೇಳುವುದು ಕಡಿಮೆ, ಕೌಂಟರಿಗೆ ನೀವೇ ಹೋಗಿ ದುಡ್ಡು ಕೊಟ್ಟು ಲೋಟ ತರಬೇಕು. ಕುಡಿಯದವರು ಲೈಮ್ ಸೋಡಾ ಹಿಡಿದು ಕೂತರೂ ಯಾರೂ ಏನೂ ಅನ್ನುವುದಿಲ್ಲ. ಮಳೆ ಬರುತ್ತಿರುವಾಗ, ಸ್ಟೇಷನ್ನಿನ ಕಬ್ಬಿಣದ ಬೆಂಚಿನ ಮೇಲೆ ಸುಮ್ನೆ ನಡುಗುವ ಬದಲು ಬೆಚ್ಚಗೆ ಕೂರಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಸ್ಟೇಷನ್ ಎದುರಿನ ಅಂಗಡಿ ಎಂದರೆ ಕೆಟ್ಟದ್ದು ಎಂಬ ಮಾತು ಎಲ್ಲ ದೇಶದಲ್ಲೂ ಇದೆ. ಕಾರಣವೂ ಸರಳ. ಇವತ್ತು ಬಂದ ಗಿರಾಕಿ ನಾಳೆ ಬರುವುದಿಲ್ಲ, ಅವನನ್ನು ಮೆಚ್ಚಿಸಬೇಕಾದ ಅಗತ್ಯವೇ ಇಲ್ಲ. ಇಂಗ್ಲೆಂಡಿನಲ್ಲಿ ಇದು ಕರಾರಿನಲ್ಲೇ ಬರೆದಿತ್ತು. ಗ್ರೇಟ್ ವೆಸ್ಟರ್ನ್ ರೈಲ್ವೆಯವರು 1841ರಲ್ಲಿ ಸ್ವಿಂಡನ್ ಸ್ಟೇಷನ್ನಿನ ಊಟ-ತಿಂಡಿಯ ಕೋಣೆಗಳನ್ನು ಗುತ್ತಿಗೆಗೆ ಕೊಟ್ಟರು. ಆ ದಾರಿಯ ರೈಲುಗಳು ಅಲ್ಲಿ 10 ನಿಮಿಷ ನಿಲ್ಲಲೇಬೇಕು ಎಂಬುದು ಷರತ್ತು. ಹಸಿದ ಜನಕ್ಕೆ ಬೇರೆ ದಾರಿ ಇಲ್ಲ. ಅಲ್ಲಿನ ಊಟ-ತಿಂಡಿಗೆ ಕೆಟ್ಟ ಹೆಸರು ಬಂತು. ಆ ಗುತ್ತಿಗೆಯಿಂದ ಬಿಡಿಸಿಕೊಳ್ಳಲು ರೈಲ್ವೆ ಕಂಪನಿ 1895ರಲ್ಲಿ ದೊಡ್ಡ ಮೊತ್ತ ತೆರಬೇಕಾಯಿತು.

ಆದರೆ ಇದೇ ಓಡಾಟದ ಜನ ಬಿಯರಿನ ವಿಷಯದಲ್ಲಿ ವರವಾಗುತ್ತಾರೆ. ಅದು ಹೇಗೆ ಎಂದು ತಿಳಿಯಲು ನೆಲಮಾಳಿಗೆಗೆ ಇಳಿಯಬೇಕು.

ಇಲ್ಲಿನ ಪಬ್ಬಿನ ಹೆಮ್ಮೆ ಕ್ಯಾಸ್ಕ್ ಏಲ್, ಅಂದರೆ ಪೀಪಾಯಿಯಲ್ಲೇ ಹದವಾಗುವ ಬಿಯರ್. ಬ್ರೂವರಿಯಿಂದ (ಬಿಯರ್ ತಯಾರಿಸುವ ಕಡೆಯಿಂದ) ಬಂದ ಪೀಪಾಯಿಯಲ್ಲಿ ಯೀಸ್ಟ್ ಇನ್ನೂ ಜೀವಂತ ಇರುತ್ತದೆ. ನೆಲಮಾಳಿಗೆಯಲ್ಲಿ ಸುಮಾರು 11ರಿಂದ 13 ಡಿಗ್ರಿಯ ತಂಪಿನಲ್ಲಿ ಇಟ್ಟು ಪಬ್ಬಿನವರೇ ಅದನ್ನು ಹದಕ್ಕೆ ತರುತ್ತಾರೆ. ಗ್ಯಾಸಿನ ಒತ್ತಡದಿಂದ ಮೇಲೆ ತಳ್ಳುವುದಿಲ್ಲ. ಕೈಪಂಪು ಎಳೆದಾಗ ಬಿಯರ್ ಮೇಲೆ ಬರುತ್ತದೆ, ಖಾಲಿಯಾದ ಜಾಗಕ್ಕೆ ಗಾಳಿ ಹೋಗುತ್ತದೆ. ಗಾಳಿ ಸೇರಿತು ಅಂದರೆ ಕೆಡುವುದೂ ಶುರು. ಪೀಪಾಯಿ ತೆರೆದ ಮೇಲೆ ಸುಮಾರು 3 ದಿನದಲ್ಲಿ ಮಾರಿ ಮುಗಿಸಬೇಕು. ಮಾಮೂಲಿ ಪೀಪಾಯಿ 9 ಗ್ಯಾಲನ್‌ನದು, ಅದರಲ್ಲಿ 72 ಪೈಂಟ್ (ಇಲ್ಲಿನ ದೊಡ್ಡ ಲೋಟದ ಅಳತೆ, ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು) ಹಿಡಿಯುತ್ತದೆ. ಜನವಿಲ್ಲದ ಪಬ್ಬಿನಲ್ಲಿ 72 ಪೈಂಟ್ ಅಷ್ಟು ಬೇಗ ಹೋಗುವುದಿಲ್ಲ. ಸ್ಟೇಷನ್ ಪಬ್ಬಿನಲ್ಲಿ ಒಂದು ಸಂಜೆಗೇ ಮುಗಿಯಬಹುದು. ಜನ ತುಂಬಿದ ದರ್ಶಿನಿಯಲ್ಲಿ ಇಡ್ಲಿ ಯಾವಾಗಲೂ ಬಿಸಿ ಇರುತ್ತದಲ್ಲ, ಹಾಗೆ.

ಪ್ರತಿ ಕೈಪಂಪಿನ ಮುಂದೆ ಆ ಬಿಯರಿನ ಹೆಸರು, ಬ್ರೂವರಿ, ಆಲ್ಕೋಹಾಲ್ ಪ್ರಮಾಣ ಬರೆದ ಒಂದು ಬಿಲ್ಲೆ ಇರುತ್ತದೆ. ಪೀಪಾಯಿ ಮುಗಿದರೆ ಬಿಲ್ಲೆಯನ್ನು ಹಿಂದುಮುಂದು ತಿರುಗಿಸಿ ಇಡುತ್ತಾರೆ. ಸಂಜೆ ಹೊತ್ತಿಗೆ ಒಂದೆರಡು ಬಿಲ್ಲೆ ತಿರುಗಿದ್ದರೆ ಎಷ್ಟೋ ಜನ ಬೇಸರಪಡುತ್ತಾರೆ. ನನಗೆ ಖುಷಿಯಾಗುತ್ತದೆ, ಅಲ್ಲಿ ಬಿಯರ್ ನಿಂತಿಲ್ಲ, ಹರಿಯುತ್ತಿದೆ ಎಂದು ಅರ್ಥ. ಹತ್ತು ಪಂಪು ಸಾಲಾಗಿ ಹೊಳೆಯುತ್ತಿದ್ದು, ಸುತ್ತಲಿನ ಎಲ್ಲರ ಕೈಯಲ್ಲೂ ಲಾಗರ್ (ಗ್ಯಾಸಿನ ಒತ್ತಡದಿಂದ ಬರುವ ತಣ್ಣನೆಯ ಬಿಯರ್) ಇದ್ದರೆ ಹುಷಾರು. ಅಂಥ ಒಂದು ದೊಡ್ಡ ಪಬ್ಬಿನಲ್ಲಿ ನನಗೆ ಸಿಕ್ಕ ಪೈಂಟ್ ವಿನೆಗರ್ ವಾಸನೆ ಹೊಡೆಯುತ್ತಿತ್ತು. ಹಾಗಾದಾಗ ಸಂಕೋಚ ಬೇಡ. ಹಿಂದಕ್ಕೆ ಒಯ್ದು ಹೇಳಿದರೆ ಬದಲಾಯಿಸಿ ಕೊಡುವುದು ಇಲ್ಲಿನ ವಾಡಿಕೆ. ಆರ್ಡರ್ ಮಾಡುವ ಮೊದಲು ಸ್ವಲ್ಪ ರುಚಿ ನೋಡಲು ಕೇಳುವುದೂ ವಾಡಿಕೆಯೇ.

ಈಗ ನನ್ನ ಮೆಚ್ಚಿನದು. ಶೆಫೀಲ್ಡ್ ಸ್ಟೇಷನ್ನಿನಲ್ಲಿ ಇಳಿದರೆ ಮೊದಲ ಪ್ಲಾಟ್‌ಫಾರಂ ಮೇಲೆಯೇ ಶೆಫೀಲ್ಡ್ ಟ್ಯಾಪ್ ಎಂಬ ಪಬ್ ಇದೆ. 1904ರಲ್ಲಿ ಫಸ್ಟ್ ಕ್ಲಾಸ್ ಪ್ರಯಾಣಿಕರಿಗೆಂದು ಕಟ್ಟಿದ ಉಪಾಹಾರ ಕೋಣೆ ಅದು. ಆಮೇಲೆ ಎಷ್ಟೋ ವರ್ಷ ಬೀಗ ಬಿದ್ದು ಹಾಳಾಗಿತ್ತು. 2009ರಲ್ಲಿ ದುರಸ್ತಿ ಮಾಡಿ ಪಬ್ ತೆರೆದರು. ಗೋಡೆ ತುಂಬಾ ಹಳೆಯ ಟೈಲ್ಸ್, ಉದ್ದನೆಯ ಮರದ ಕೌಂಟರು, ಎತ್ತರದ ಕನ್ನಡಿಗಳು. ಪಕ್ಕದ ಹಳೆಯ ಊಟದ ಕೋಣೆಯಲ್ಲಿ ಈಗ ಬಿಯರ್ ಕುದಿಸುವ ಹಂಡೆಗಳಿವೆ. ಒಂದು ಬಾಗಿಲು ರಸ್ತೆಗೆ, ಒಂದು ಬಾಗಿಲು ಪ್ಲಾಟ್‌ಫಾರಂಗೆ. ಯಾರ್ಕ್ ಸ್ಟೇಷನ್ನಿನ ಯಾರ್ಕ್ ಟ್ಯಾಪ್ ಕೂಡ ಇದೇ ತರ, 1907ರ ಟೀ ಕೋಣೆ, ಛಾವಣಿಯಲ್ಲಿ ಬಣ್ಣದ ಗಾಜಿನ ಗುಮ್ಮಟ. ಲಂಡನ್ನಿನ ಯೂಸ್ಟನ್ ಟ್ಯಾಪ್ ಇರುವುದು ಹಳೆಯ ಸ್ಟೇಷನ್ನಿನ ಕಲ್ಲಿನ ಕಾವಲು ಮನೆಗಳಲ್ಲಿ. ಆ ಸ್ಟೇಷನ್ನನ್ನು 1960ರ ದಶಕದ ಆರಂಭದಲ್ಲಿ ಕೆಡವಿಬಿಟ್ಟರು, ಈ ಎರಡು ಪುಟ್ಟ ಮನೆಗಳು ಉಳಿದವು. ರೈಲು ಹೋಗುತ್ತಿದ್ದ ಊರುಗಳ ಹೆಸರನ್ನು ಅವುಗಳ ಮೂಲೆಗಲ್ಲುಗಳ ಮೇಲೆ ಕೆತ್ತಿದ್ದಾರೆ. ರೈಲಿಗೆ ಕಾಯುವಾಗ ಓದುತ್ತಾ ನಿಲ್ಲಿ.

ಇವುಗಳಲ್ಲಿ ಶೆಫೀಲ್ಡ್ ಮತ್ತು ಯಾರ್ಕ್ ಟ್ಯಾಪ್‌ಗಳ ಹಿಂದಿರುವುದು ಒಂದೇ ಕಂಪನಿ, ಯಾರ್ಕಿನ ಪಿವೋವಾರ್. ಹಾಗಾದರೆ ಇದೂ ಚೈನ್ ತಾನೇ? ಚೈನ್ ಪಬ್ಬಿನ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳುವ ನನ್ನ ಗೆಳೆಯರೇ ಇಲ್ಲಿಗೆ ಖುಷಿಯಿಂದ ಬರುತ್ತಾರೆ.

ಯಾವುದು ಚೈನ್, ಯಾವುದು ಅಲ್ಲ ಎಂಬುದು ಹೊರಗಿನಿಂದ ಕಾಣುವುದೇ ಇಲ್ಲ. ಲಂಡನ್ ಬ್ರಿಜ್ ಸ್ಟೇಷನ್ ಹತ್ತಿರದ ಜಾರ್ಜ್ ಇನ್ ನೋಡಿ. 1676ರ ಬೆಂಕಿಯ ನಂತರ ಮತ್ತೆ ಕಟ್ಟಿದ್ದು, ಕುದುರೆಗಾಡಿಗಳ ಕಾಲದ ಛತ್ರ, ಮರದ ಜಗಲಿಗಳಿರುವ ಅಂಥ ಕಟ್ಟಡ ಲಂಡನ್ನಿನಲ್ಲಿ ಇದೊಂದೇ ಉಳಿದಿದೆ. ಕಟ್ಟಡ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯದು, ಪಬ್ ಗುತ್ತಿಗೆ ಗ್ರೀನ್ ಕಿಂಗ್ ಎಂಬ ದೊಡ್ಡ ಕಂಪನಿಯದು. ಗ್ರೀನ್ ಕಿಂಗನ್ನು 2019ರಲ್ಲಿ ಹಾಂಗ್‌ಕಾಂಗಿನ ಸಿಕೆ ಅಸೆಟ್ ಕೊಂಡುಕೊಂಡಿತು. ಸುಂದರವಾದ ವಿಕ್ಟೋರಿಯನ್ ಪಬ್‌ಗಳ ನಿಕೋಲ್ಸನ್ಸ್ ಹೆಸರಿನ ಹಿಂದೆ ಮಿಚೆಲ್ಸ್ ಅಂಡ್ ಬಟ್ಲರ್ಸ್ ಇದೆ. ಇವುಗಳಲ್ಲಿ ಕೂತವರಿಗೆ ಚೈನಿನಲ್ಲಿ ಕೂತ ಭಾವನೆಯೇ ಬರುವುದಿಲ್ಲ.

ಇದಕ್ಕೂ ಒಳಗೆ ಇನ್ನೊಂದು ವಿಷಯ ಇದೆ, ನನಗೆ ಜಾಸ್ತಿ ಮುಖ್ಯ ಅನಿಸುವುದು ಅದೇ. ಹಿಂದೆ ದೊಡ್ಡ ಬ್ರೂವರಿಗಳು ಸಾವಿರಾರು ಪಬ್ ಇಟ್ಟುಕೊಂಡು ತಮ್ಮ ಬಿಯರನ್ನೇ ಮಾರಿಸುತ್ತಿದ್ದವು. 2000ಕ್ಕಿಂತ ಹೆಚ್ಚು ಪಬ್ ಇದ್ದವರ ಹಿಡಿತ ಸಡಿಲಿಸಲು ಸರ್ಕಾರ 1989ರಲ್ಲಿ ನಿಯಮ ತಂದಿತು. ಬ್ರೂವರಿಗಳು ಪಬ್ ಮಾರಿದವು. ಕೊಂಡವರು ಬಿಯರ್ ಮಾಡದ, ಪಬ್‌ಗಳನ್ನು ಬಾಡಿಗೆಗೆ ಕೊಟ್ಟು ಸಂಪಾದಿಸುವ ಕಂಪನಿಗಳು. ಇವತ್ತು ಸ್ಟೋನ್‌ಗೇಟ್ ಒಂದರ ಕೈಯಲ್ಲೇ 4000ಕ್ಕೂ ಹೆಚ್ಚು ಪಬ್‌ಗಳಿವೆ. ಇಂಥ ಕಂಪನಿಗಳ ಎಷ್ಟೋ ಪಬ್‌ಗಳಲ್ಲಿ ಬೋರ್ಡು ಹಳೆಯದು, ನಡೆಸುವವರು ಊರಿನ ಗಂಡ-ಹೆಂಡತಿ, ಆದರೆ ಬಿಯರ್ ಮಾತ್ರ ಕಂಪನಿ ಹೇಳಿದಲ್ಲೇ, ಅದು ಹೇಳಿದ ಬೆಲೆಗೇ ಕೊಳ್ಳಬೇಕು. ಮೇಲೆ ಬಾಡಿಗೆ ಬೇರೆ. ಪೈಂಟಿನ ಬೆಲೆ ನೋಡಿ ಅವರನ್ನು ಬೈಯುವವರು ಇದನ್ನು ತಿಳಿದಿರಬೇಕು. 2016ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದೊಡ್ಡ ಕಂಪನಿಗಳ ಬಾಡಿಗೆದಾರರು ಕೆಲವು ಸಂದರ್ಭಗಳಲ್ಲಿ ಈ ಕಟ್ಟು ಬಿಡಿಸಿಕೊಂಡು ಬರೀ ಮಾರುಕಟ್ಟೆ ದರದ ಬಾಡಿಗೆ ಕೇಳಬಹುದು. ಅದು ನ್ಯಾಯವಾದ ಕಾನೂನು. ಇನ್ನೂ ಹೆಚ್ಚು ಜನರಿಗೆ ಸಿಗಬೇಕು.

ಇನ್ನು ವೆದರ್‌ಸ್ಪೂನ್. ಟಿಮ್ ಮಾರ್ಟಿನ್ 1979ರಲ್ಲಿ ಉತ್ತರ ಲಂಡನ್ನಿನ ಮಸ್‌ವೆಲ್ ಹಿಲ್‌ನಲ್ಲಿ ಶುರು ಮಾಡಿದ್ದು, ಈಗ ಸುಮಾರು 800 ಪಬ್‌ಗಳಿವೆ. ಹೆಚ್ಚಿನ ಕಡೆ ಸಂಗೀತ ಇಲ್ಲ, ಬೆಲೆ ಕಡಿಮೆ, ಬೆಳಿಗ್ಗೆಯೇ ತೆರೆದಿರುತ್ತದೆ. ಫೋನಿನ ಆ್ಯಪಿನಿಂದ ಆರ್ಡರ್ ಮಾಡಿದರೆ ಟೇಬಲ್ಲಿಗೇ ತಂದುಕೊಡುತ್ತಾರೆ. ದೊಡ್ಡ ಪೆಟ್ಟಿಗೆ, ಮಗು, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದಾಗ ಇದು ಎಷ್ಟು ಅನುಕೂಲ! ಸಣ್ಣ ಬ್ರೂವರಿಗಳ ಕ್ಯಾಸ್ಕ್ ಏಲ್ ಕೂಡ ಇಡುತ್ತಾರೆ. ಒಳ್ಳೆಯ ಏಲ್ ಉಳಿಸಲೆಂದೇ 1971ರಲ್ಲಿ ಹುಟ್ಟಿದ ಕ್ಯಾಮ್ರಾ ಸಂಘ ಪ್ರತಿ ವರ್ಷ ತರುವ ಪಬ್ ಪಟ್ಟಿಯಲ್ಲಿ ವೆದರ್‌ಸ್ಪೂನ್‌ಗಳೂ ಇರುತ್ತವೆ.

ನನಗೆ ಅವರ ಬಗ್ಗೆ ಗೌರವ ಇರುವುದು ಕಟ್ಟಡಗಳ ಕಾರಣಕ್ಕೆ. ಮುಚ್ಚಿಹೋದ ಸಿನಿಮಾ ಮಂದಿರ, ಬ್ಯಾಂಕು, ಪೋಸ್ಟಾಫೀಸುಗಳನ್ನು ಪಬ್ ಮಾಡಿ ಉಳಿಸಿದ್ದಾರೆ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನ ಹ್ಯಾಮಿಲ್ಟನ್ ಹಾಲ್ ಒಂದು ಕಾಲಕ್ಕೆ ಗ್ರೇಟ್ ಈಸ್ಟರ್ನ್ ಹೋಟೆಲಿನ ನೃತ್ಯದ ಹಾಲ್. ಆ ಛಾವಣಿಯ ಕುಸುರಿ ಕೆಲಸ ನೋಡಲು ಲೈಮ್ ಸೋಡಾ ಹಿಡಿದು ಯಾರು ಬೇಕಾದರೂ ಒಳಗೆ ಹೋಗಬಹುದು. ಅಂಥ ಸಭಾಂಗಣ ಜನಸಾಮಾನ್ಯರಿಗೆ ತೆರೆದಿರುವುದು ಸಣ್ಣ ಸಂಗತಿಯಲ್ಲ.

ನನ್ನ ತಕರಾರೂ ಇದೆ. ಅವರ ಬೆಲೆಗೆ ಪಕ್ಕದ ಸಣ್ಣ ಪಬ್ ಮಾರಲಾರದು. ಅಷ್ಟು ದೊಡ್ಡ ಜಾಗದಲ್ಲಿ ಸಂಜೆ ಟೇಬಲ್ ಒರೆಸುವವರು ಸಾಲುವುದಿಲ್ಲ. ಸ್ಥಾಪಕ ಮಾರ್ಟಿನ್ ಬ್ರೆಕ್ಸಿಟ್ ಪರವಾಗಿ ಬಹಿರಂಗವಾಗಿ ಪ್ರಚಾರ ಮಾಡಿದ್ದಕ್ಕೆ ಅಲ್ಲಿಗೆ ಕಾಲಿಡದ ಗೆಳೆಯರು ನನಗಿದ್ದಾರೆ, ಅವರ ನಿಲುವನ್ನು ಗೌರವಿಸುತ್ತೇನೆ. ನಾನು ಮಾಡುವುದು ಹೀಗೆ. ಊಟ ಬೇಕು, ಜೊತೆಯಲ್ಲಿ ಕುಟುಂಬ ಇದೆ ಅಂದರೆ ವೆದರ್‌ಸ್ಪೂನ್. ಒಬ್ಬನೇ ಇದ್ದು, ಒಂದು ಒಳ್ಳೆಯ ಪೈಂಟ್ ಸಾಕು ಅಂದರೆ ಊರಿನವರು ನಡೆಸುವ ಪಬ್ ಹುಡುಕಿ ಐದು ನಿಮಿಷ ಹೆಚ್ಚು ನಡೆಯುತ್ತೇನೆ. ಸ್ಟೇಷನ್ನಿನ ಒಳಗಿರುವ ವೆದರ್‌ಸ್ಪೂನ್‌ನಲ್ಲಿ ಊರೊಳಗಿನದಕ್ಕಿಂತ ಬೆಲೆ ಜಾಸ್ತಿ ಇರುತ್ತದೆ ಎಂಬುದೂ ನೆನಪಿರಲಿ.

ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು. ಕ್ಯಾಸ್ಕ್ ಏಲ್ ತಿಳಿಯಾಗಲು ಹಳೆಯ ಕಾಲದಿಂದ ಹಾಕುವ ಐಸಿಂಗ್ಲಾಸ್ ಮೀನಿನ ಗಾಳಿಚೀಲದಿಂದ ಮಾಡಿದ್ದು. ಈಗ ಅದಿಲ್ಲದೆ ಮಾಡುವ ಬ್ರೂವರಿಗಳು ಬಹಳ ಇವೆ. ವೀಗನ್ ಬಿಯರ್ ಯಾವುದು ಎಂದು ಕೇಳಿದರೆ ತೋರಿಸುತ್ತಾರೆ. ಚಿಪ್ಸ್ ಕರಿಯುವುದು ಮೀನು ಕರಿದ ಎಣ್ಣೆಯಲ್ಲೇನಾ ಎಂದೂ ಕೇಳಿ. ಮಕ್ಕಳನ್ನು ಬಿಡುವುದು ಬಿಡದಿರುವುದು ಆಯಾ ಪಬ್ಬಿಗೆ ಸೇರಿದ್ದು, ಸಂಜೆಯ ಮೇಲೆ ಬೇಡ ಅನ್ನುವವರೇ ಹೆಚ್ಚು.

ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಿಂದ ಹೊರಡುವವರಿಗೆ ಪಾರ್ಸೆಲ್ ಯಾರ್ಡ್ ಹೇಳುತ್ತೇನೆ. ಹಳೆಯ ಪಾರ್ಸೆಲ್ ಆಫೀಸು, 2012ರಿಂದ ಫುಲ್ಲರ್ಸ್ ಕಂಪನಿಯ ಪಬ್. ಹ್ಯಾರಿ ಪಾಟರ್ ಕಥೆಯ ಪ್ಲಾಟ್‌ಫಾರಂ 9¾ ಎಂದು ಬರೆದ ಗೋಡೆಯ ಮುಂದೆ ಫೋಟೊಗೆ ನಿಂತ ಸಾಲು ದಾಟಿ ಮೆಟ್ಟಿಲು ಹತ್ತಿದರೆ ಸಿಗುತ್ತದೆ. ಆದರೆ ಗಡಿಯಾರದ ಮೇಲೆ ಕಣ್ಣಿರಲಿ. ದೊಡ್ಡ ಸ್ಟೇಷನ್ನುಗಳಲ್ಲಿ ಹೊರಡುವ ಹೊತ್ತಿಗೆ 2 ನಿಮಿಷ ಮೊದಲೇ ರೈಲಿನ ಬಾಗಿಲು ಮುಚ್ಚಬಹುದು. ಹೊತ್ತು ಕಡಿಮೆ ಇದ್ದರೆ ಅರ್ಧ ಪೈಂಟ್ ತೆಗೆದುಕೊಳ್ಳಿ.

ಫುಟ್‌ಬಾಲ್ ಪಂದ್ಯದ ದಿನ ಈ ಮಾತೆಲ್ಲ ನಡೆಯುವುದಿಲ್ಲ. ಸ್ಟೇಷನ್ ಪಬ್‌ಗಳು ಅಭಿಮಾನಿಗಳಿಂದ ತುಂಬಿರುತ್ತವೆ. ಕೆಲವು ಕಡೆ ಬಾಗಿಲಲ್ಲೇ ಯಾವ ತಂಡ ಎಂದು ಕೇಳುತ್ತಾರೆ, ಗಾಜಿನ ಬದಲು ಪ್ಲಾಸ್ಟಿಕ್ ಲೋಟ ಕೊಡುತ್ತಾರೆ. ಮ್ಯಾಂಚೆಸ್ಟರ್‌ನಿಂದ ಹಡರ್ಸ್‌ಫೀಲ್ಡ್ ಕಡೆಗೆ ಹೋಗುವ ದಾರಿಯಲ್ಲಿ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಇಳಿದು ಏಲ್ ಕುಡಿಯುವವರ ಗುಂಪುಗಳಿವೆ, ಶನಿವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ದಾರಿಯ ಸ್ಟೇಲಿಬ್ರಿಜ್ ಬಫೆ ಬಾರ್ 1885ರಿಂದ ಪ್ಲಾಟ್‌ಫಾರಂ ಮೇಲೆಯೇ ಇದೆ. ಅದನ್ನು ನೋಡಬೇಕು ಅಂದರೆ ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಹೋಗಿ. ಕೌಂಟರಿನವರಿಗೂ ಮಾತಾಡಲು ಪುರುಸೊತ್ತಿರುತ್ತದೆ. ಇವತ್ತು ಯಾವ ಪೀಪಾಯಿ ತೆರೆದಿದ್ದೀರಿ ಎಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನೇ ತೆಗೆದುಕೊಳ್ಳಿ.